ಕುಡಿಯದವರ ಮನೆಯ ಲಿವರ್

ನಾನು ಕುಡಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬರೆಯುವ ಒಂದು ಶಬ್ದ ಕಣ್ಣಿಗೆ ಬಿದ್ದ ಕೂಡಲೇ ನಿಮ್ಮ ತಲೆಯಲ್ಲಿ ಒಂದು ಬಾಟಲಿ ಬಂದು ನಿಲ್ಲುತ್ತದೆ. ನಮ್ಮ ಓಣಿಯವರ ತಲೆಯಲ್ಲೂ ನಿಂತಿತ್ತು, ಶಾಲೆಯ ಸ್ಟಾಫ್ ರೂಮಿನಲ್ಲೂ ನಿಂತಿತ್ತು. ಆ ಶಬ್ದ ಲಿವರ್. ನನ್ನ ಲಿವರ್‌ನಲ್ಲಿ ಕೊಬ್ಬು ಸೇರಿದೆ. ಫ್ಯಾಟಿ ಲಿವರ್ ಅನ್ನುತ್ತಾರೆ. ಗುಡಿಯಲ್ಲಿ ಕೊಡುವ ತೀರ್ಥ, ಚಹಾ, ಮಜ್ಜಿಗೆ, ನೀರು, ಇಷ್ಟೇ ನಾನು ಈ ಜನ್ಮದಲ್ಲಿ ಕುಡಿದದ್ದು. ಬೇಕಾದರೆ ನಂಬಿ, ಇಲ್ಲದಿದ್ದರೆ ಬಿಡಿ. ನಂಬಿಸುವ ಕೆಲಸ ಬಿಟ್ಟು ಬಹಳ ದಿನವಾಯಿತು.

ಗೊತ್ತಾದದ್ದು ಹೀಗೆ. ಬಲಪಕ್ಕೆಯ ಕೆಳಗೆ ಏನೋ ಭಾರ ಅನಿಸುತ್ತಿತ್ತು. ಪಿತ್ತಕೋಶದಲ್ಲಿ ಹರಳಾಗಿರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡು, ಗಂಡನನ್ನು ಕರೆದುಕೊಂಡು ಗಂಗಾವತಿಯಿಂದ ಕೊಪ್ಪಳಕ್ಕೆ ಹೋದೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದವರು ಹರಳಿಲ್ಲ ಎಂದರು. ನಾನು ಖುಷಿಯಾಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಅವರು ಪರದೆಯ ಕಡೆ ನೋಡುತ್ತಲೇ, "ಲಿವರ್ ಭಾಳ ಬೆಳ್ಳಗ ಕಾಣಸ್ತೈತ್ರಿ, ಡಾಕ್ಟರ್ ಹೇಳ್ತಾರ" ಎಂದರು.

ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ರಿಪೋರ್ಟ್ ಓದಿ, ರಕ್ತದ ಫಲಿತಾಂಶ ನೋಡಿ, ನನ್ನ ಸೊಂಟದ ಸುತ್ತ ಟೇಪು ಹಿಡಿದಳು. ದರ್ಜಿಯವನ ಹತ್ತಿರ ಕೂಡ ನಾನು ಅಷ್ಟು ಉಸಿರು ಬಿಗಿಹಿಡಿದು ನಿಂತಿರಲಿಲ್ಲ. ಆಮೇಲೆ ಕೇಳಿದಳು, "ಮನ್ಯಾಗ ಏನ್ ಊಟ ಮಾಡ್ತೀರಿ ಅಕ್ಕೋರ?" ನಾನು ಅಕ್ಕೋರು ಎಂದು, ಎಂದರೆ ಶಾಲೆಯಲ್ಲಿ ಕಲಿಸುವವಳು ಎಂದು, ನನ್ನ ಮುಖ ನೋಡಿಯೇ ಗೊತ್ತಾಗಿತ್ತೇನೋ.

"ಅನ್ನ," ಎಂದೆ.

"ಮತ್ತ?"

"ಮತ್ತೂ ಅನ್ನ."

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಹೊರಗೆ ಬಂದಾಗ ಗಂಡ ಬೆಂಚಿನಿಂದ ಎದ್ದು ಬಂದರು. ವಿಷಯ ಹೇಳಿದೆ. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ದನಿ ತಗ್ಗಿಸಿ, "ಲಿವರ್ ಅಂತ ಯಾರ ಮುಂದೂ ಅನಬ್ಯಾಡ. ಗ್ಯಾಸ್ಟ್ರಿಕ್ ಅನ್ನು. ಅವ್ವನ ಮುಂದಂತೂ ಬ್ಯಾಡ ಬ್ಯಾಡ" ಎಂದರು. ನನಗೆ ಅಲ್ಲೇ ಸಿಟ್ಟು ನೆತ್ತಿಗೇರಿತು. ಕಳವು ಮಾಡಿ ಸಿಕ್ಕಿಬಿದ್ದವಳೇ ನಾನು? ಆದರೆ ಅವರು ಯಾಕೆ ಹಾಗೆಂದರು ಎಂಬುದು ನನಗೂ ಗೊತ್ತಿತ್ತು. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಅನ್ನದ ಕಥೆ ಹೇಳಬೇಕು.

ನನ್ನ ತವರು ಯಲಬುರ್ಗಾ ಕಡೆ, ಬೇವೂರಿನ ಹತ್ತಿರ. ಮಳೆ ನಂಬಿದ ಎರೆಹೊಲ, ಜೋಳ, ಕಡಲೆ. ನಮ್ಮಲ್ಲಿ ಅನ್ನ ಅಂದರೆ ಹಬ್ಬಕ್ಕೆ, ಬೀಗರು ಬಂದಾಗ, ಇಲ್ಲವೇ ಜ್ವರ ಬಂದಾಗ. ದಿನಾ ರೊಟ್ಟಿ. ನನ್ನ ಮದುವೆ ಗಂಗಾವತಿಯ ಅಕ್ಕಿ ವ್ಯಾಪಾರಿಗಳ ಮನೆಗೆ ನಿಶ್ಚಯವಾದಾಗ ನಮ್ಮವ್ವ ಓಣಿ ತುಂಬ ಹೇಳಿಕೊಂಡು ಬಂದಳು, "ನನ್ನ ಮಗಳು ದಿನಾ ಅನ್ನ ಉಣ್ಣೋ ಮನಿಗೆ ಹೊಂಟಾಳ" ಎಂದು. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಸಂಬಂಧ ಇನ್ನೊಂದಿರಲಿಲ್ಲ.

ಕಾಲುವೆಯ ನೀರಿನ ಸೀಮೆಗೆ ಬಂದೆ. ಗಂಡನ ಮನೆಯಲ್ಲಿ ಒಂದು ರೂಢಿ. ಶ್ರೀರಾಮನಗರದ ಕಡೆಯಿಂದಲೋ ಇನ್ನೆಲ್ಲಿಂದಲೋ ಭತ್ತ ಕೊಳ್ಳುವ ಮೊದಲು, ಆ ಮಾಲಿನ ಒಂದು ಹಿಡಿ ಅಕ್ಕಿ ಮಾಡಿಸಿ, ಸಣ್ಣ ಚೀಲದಲ್ಲಿ ಮನೆಗೆ ಕಳಿಸುತ್ತಿದ್ದರು. ಅದಕ್ಕೆ ಸ್ಯಾಂಪಲ್ ಅನ್ನುತ್ತೇವೆ. ಮನೆಯ ಹೆಂಗಸರು ಅದನ್ನು ಬೇಯಿಸಿ, ಹೇಗೆ ಅರಳಿತು, ಅಗುಳು ಬಿಡಿಬಿಡಿಯಾಯಿತೇ, ಆರಿದ ಮೇಲೆ ಗಟ್ಟಿಯಾಯಿತೇ ಎಂದು ಉಂಡು ನೋಡಿ ಹೇಳಬೇಕು. ಸುಗ್ಗಿಯಲ್ಲಂತೂ ಒಲೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಪಾತ್ರೆ. ಒಂದು ಚಮಚ ನೋಡಿದರೆ ಸಾಲದು, ಸಾರು ಹಾಕಿ ಉಣ್ಣಬೇಕು, ಮೊಸರು ಹಾಕಿ ಉಣ್ಣಬೇಕು, ತಂಗಳು ಮಾಡಿಯೂ ಉಣ್ಣಬೇಕು ಎಂಬುದು ಮಾವನವರ ಕಾಯ್ದೆ. ಉಳಿದದ್ದನ್ನು ಚೆಲ್ಲುವ ಮಾತೇ ಇಲ್ಲ. ಜೋಳದ ಸೀಮೆಯವಳಾದರೂ ನನ್ನ ನಾಲಿಗೆ ಬೇಗ ಪಳಗಿತು. "ಸೊಸಿ ಛಲೋ ಅಂದಳಂದ್ರ ಮುಗೀತು, ಮಾಲು ಎತ್ರಿ" ಎಂದು ಮಾವ ಅಂಗಡಿಯಲ್ಲಿ ಎಲ್ಲರ ಮುಂದೆ ಅನ್ನುತ್ತಿದ್ದರಂತೆ. ನಾನು ಉಬ್ಬಿಹೋದೆ, ಎರಡೂ ಅರ್ಥದಲ್ಲಿ.

ಮಾವನವರು ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿಯ ಗಾದಿಯ ಮೇಲೆ ಕೂತೇ ಇರುತ್ತಿದ್ದರು. ಬಂದ ಪ್ರತಿಯೊಬ್ಬ ರೈತನ ಜೊತೆ ಸಕ್ಕರೆ ಸುರಿದ ಚಹಾ, ಮೇಲೆ ಒಗ್ಗರಣಿ ಮಂಡಕ್ಕಿ, ಮಿರ್ಚಿ. ಚಹಾ ಕುಡಿಯದೆ ವ್ಯಾಪಾರ ಕುದುರುವುದಿಲ್ಲ. ಮಾಲಿನ ಬಗ್ಗೆ ತಕರಾರು ಬಂದರೆ ಅವರು ಬೇಯಿಸಿದ ಸ್ಯಾಂಪಲ್ ಅನ್ನದ ಮೇಲೆ ಕೈಯಿಟ್ಟು, "ಅನ್ನ ಮುಟ್ಟಿ ಹೇಳ್ತೀನಿ, ಇದು ಅದೇ ಮಾಲು" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು. ಅವರು ಅನ್ನ ಮುಟ್ಟಿ ಹೇಳಿದ್ದನ್ನು ಯಾರೂ ಮರುಪ್ರಶ್ನೆ ಮಾಡಿದ್ದು ನಾನು ನೋಡಿಲ್ಲ.

ಆ ಮಾವನವರು ಲಿವರ್ ಕೆಟ್ಟು ತೀರಿಕೊಂಡರು. ನಾನಾಗ ಕುಷ್ಟಗಿ ಕಡೆಯ ಶಾಲೆಯೊಂದರಲ್ಲಿ ಕೆಲಸಕ್ಕಿದ್ದೆ, ವಾರಪೂರ್ತಿ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ರಜೆಗೆ ಮಾತ್ರ ಬರುತ್ತಿದ್ದೆ. ಹಾಗಾಗಿ ಅವರ ಕೊನೆಯ ತಿಂಗಳುಗಳನ್ನು ಹತ್ತಿರದಿಂದ ಕಂಡವಳಲ್ಲ. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು, ಆಸ್ಪತ್ರೆಗೆ ಓಡಾಡಿದರು, ಹೋದರು. ಮಣ್ಣು ಮಾಡಿ ಬಂದ ದಿನವೇ ಯಾರೋ ಅಂದರಂತೆ, "ಗಾದಿ ಹಿಂದ ಬಾಟ್ಲಿ ಇಟ್ಟಿದ್ನೇನೋ, ಯಾರಿಗ್ಗೊತ್ತು." ಅಷ್ಟೇ ಸಾಕಾಯಿತು. ಊರು ಆ ಮಾತನ್ನು ಎತ್ತಿಕೊಂಡು ಸಾಕಿತು. ಅತ್ತೆ ಅಂದಿನಿಂದ ಲಿವರ್ ಎಂಬ ಶಬ್ದವನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಹೃದಯಾಘಾತ ಅನ್ನುತ್ತಿದ್ದರು, ಕೇಳಿದವರಿಗೆ.

ಇಂಥ ಮನೆಗೆ ನಾನು ನನ್ನ ಸ್ಕ್ಯಾನ್ ರಿಪೋರ್ಟ್ ಹಿಡಿದುಕೊಂಡು ಬಂದೆ. ಗ್ಯಾಸ್ಟ್ರಿಕ್ ಅನ್ನಲಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ, ಆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎಂಟನೆಯ ತರಗತಿಗೆ ವರ್ಷ ವರ್ಷವೂ ಬೋರ್ಡಿನ ಮೇಲೆ ಯಕೃತ್ತಿನ ಚಿತ್ರ ಬರೆದು, ದೇಹದ ಅತಿ ದೊಡ್ಡ ಗ್ರಂಥಿ, ಅದಕ್ಕೆ ಬಾಣ ಹಾಕಿ ಹೆಸರು ಬರೆಯಿರಿ ಎಂದು ಹೇಳುವವಳು ನಾನು. ನನ್ನದೇ ಯಕೃತ್ತಿನ ಹೆಸರು ಹೇಳಲು ನಾಚಬೇಕೇ?

"ಅತ್ತಿ, ನನ್ನ ಲಿವರ್‌ನ್ಯಾಗ ಕೊಬ್ಬು ಸೇರೈತಂತ್ರಿ," ಎಂದೆ.

ಅವರ ಕೈಯಲ್ಲಿದ್ದ ಕೇರುವ ಮೊರ ಅಲ್ಲೇ ನಿಂತಿತು. ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಆಮೇಲೆ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ನಿನಗ ಕಾಮಣಿ ಆಗೈತಿ ಯವ್ವಾ," ಎಂದರು. "ಯಾರರ ಕೇಳಿದ್ರ ಕಾಮಣಿ ಅನ್ನು. ಔಷಧ ಕೊಡಸ್ತೀನಿ."

ಕಾಮಣಿ, ಅಂದರೆ ಕಾಮಾಲೆ, ಮರ್ಯಾದಸ್ಥ ರೋಗ. ಅದು ಯಾರಿಗಾದರೂ ಬರುತ್ತದೆ, ಅದರಲ್ಲಿ ಬಾಟಲಿ ಇಲ್ಲ. ನನ್ನ ಕಣ್ಣು ಹಳದಿಯಾಗಿಲ್ಲ ಎಂದೆ, ಡಾಕ್ಟರು ಹೇಳಿದ್ದು ಬೇರೆಯೇ ಎಂದೆ. "ಲಿವರ್ ಅಂದ್ರ ಕಾಮಣೀನ" ಎಂದು ಅವರು ಷರಾ ಬರೆದುಬಿಟ್ಟರು. ನಮ್ಮ ಸೀಮೆಯಲ್ಲಿ ಎಲ್ಲರೂ ಹೀಗೇ ತಿಳಿದಿದ್ದಾರೆ. ಲಿವರಿಗೆ ಇರುವುದು ಎರಡೇ ರೋಗ, ಒಂದು ಕುಡುಕರದು, ಇನ್ನೊಂದು ಕಾಮಣಿ. ಮೂರನೆಯದಕ್ಕೆ ಜಾಗವಿಲ್ಲ.

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಕಾಮಣಿಗೆ ಸೊಪ್ಪಿನ ರಸ ಕೊಡುವವರಿದ್ದರು. ಅತ್ತೆ ನನ್ನನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದರು. ಆ ಹಿರಿಯರು ಕಣ್ಣರೆಪ್ಪೆ ಎಳೆದು ನೋಡಿ, ಮಜ್ಜಿಗೆಯಲ್ಲಿ ಏನೋ ಹಸಿರು ಕಲಸಿ ಕುಡಿಸಿ, ಪಥ್ಯ ಹೇಳಿದರು: ಎಣ್ಣೆ ಇಲ್ಲ, ಖಾರ ಇಲ್ಲ, ಪಲ್ಯ ಇಲ್ಲ, ಬೇಳೆ ಇಲ್ಲ, ರೊಟ್ಟಿಯಂತೂ ಇಲ್ಲವೇ ಇಲ್ಲ, ಉಷ್ಣ. ಮೆತ್ತಗಿನ ಅನ್ನ, ಮಜ್ಜಿಗೆ, ಬೆಲ್ಲ, ಕಬ್ಬಿನ ಹಾಲು. ಕಾಮಣಿಯವರಿಗೆ ಅದೆಷ್ಟು ಸರಿಯೋ ತಪ್ಪೋ ನಾನರಿಯೆ. ನನಗೆ ಮಾತ್ರ ಅದು ಉರಿಯುವ ಮನೆಗೆ ಸೀಮೆಎಣ್ಣೆ ಸುರಿದಂತೆ. ಕೊಬ್ಬು ಎಂದರೆ ಎಣ್ಣೆ ತುಪ್ಪ ಎಂದು ಮಾತ್ರ ನಾವು ತಿಳಿಯುತ್ತೇವೆ. ಉಂಡು ಮಿಕ್ಕ ಅನ್ನವನ್ನೂ ಸಕ್ಕರೆಯನ್ನೂ ಲಿವರ್ ತನ್ನೊಳಗೇ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಒಂದು ಹನಿ ಎಣ್ಣೆ ತಾಗದ ಹಾಗೆ ಕಾದು, ತಟ್ಟೆಯ ತುಂಬ ಅನ್ನ ಸುರಿದರು.

ಸುದ್ದಿ ಹಬ್ಬಿತು. ಕಾಮಣಿಯವಳನ್ನು ನೋಡಲು ನೆಂಟರು ಬಂದರು. ಒಬ್ಬರ ಕೈಯಲ್ಲಿ ಗ್ಲೂಕೋಸ್ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಬಾಳೆಹಣ್ಣಿನ ಗೊನೆ, ಮತ್ತೊಬ್ಬರ ಥರ್ಮಾಸಿನಲ್ಲಿ ಕಬ್ಬಿನ ಹಾಲು. "ಸೊರಗ್ಯಾಳ ಪಾಪ" ಎಂದರು, ಮಂಚದ ಮೇಲೆ ತುಂಬಿಕೊಂಡು ಕೂತಿದ್ದ ನನ್ನನ್ನು ನೋಡಿ! ದಣಿವಾಗಬಾರದು ಎಂದು ಅತ್ತೆ ನನ್ನನ್ನು ನಡೆಯಲೂ ಬಿಡಲಿಲ್ಲ, ರಜೆ ಹಾಕಿಸಿದರು. ನೀನು ಓದಿದವಳು, ಯಾಕೆ ಒಪ್ಪಿದೆ ಎಂದು ನೀವು ಕೇಳಬಹುದು. ಅತ್ತೆ ದಿನಾ ನಸುಕಿನಲ್ಲಿ ದೇವರ ಗೂಡಿನಲ್ಲಿರುವ ಕಿನ್ನಾಳದ ಕಟ್ಟಿಗೆಯ ಗೌರಿಗೆ ನನ್ನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದರು. ಆ ಕೈ ಕೊಟ್ಟ ಲೋಟವನ್ನು ನಾನು ತಳ್ಳಲಾರದವಳಾಗಿದ್ದೆ. ಯಾರಾದರೂ ಅಷ್ಟು ಹೆದರಿಕೊಂಡು ಪ್ರೀತಿ ಮಾಡಿದರೆ ನೀವೂ ಕುಡಿಯುತ್ತೀರಿ.

ಮತ್ತೆ ಕೊಪ್ಪಳಕ್ಕೆ ಹೋದಾಗ ಡಾಕ್ಟರು ತಕ್ಕಡಿ ನೋಡಿದಳು, ರಕ್ತದ ಫಲಿತಾಂಶ ನೋಡಿದಳು, ಪೆನ್ನು ಕೆಳಗಿಟ್ಟಳು. ತೂಕ ಏರಿತ್ತು. ಲಿವರಿನ ಉರಿಯೂತ ತೋರಿಸುವ ಅಂಕಿ ಏರಿತ್ತು. ಗಡಿಯಲ್ಲಿ ನಿಂತಿದ್ದ ಸಕ್ಕರೆ ಗಡಿ ದಾಟಿತ್ತು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಾನು ಏನು ಉಂಡೆ ಎಂದು ಹೇಳಿದಾಗ ಅವಳ ಮುಖದಲ್ಲಿ ಮೂಡಿದ ಸಂಕಟ ನೋಡಿ ನನಗೆ ರೋಷ ಬಂತು. ಡಾಕ್ಟರ ಮೇಲಲ್ಲ, ಅತ್ತೆಯ ಮೇಲೂ ಅಲ್ಲ. ಮುಚ್ಚಿಡಲು ಹೋಗಿ ಇಲ್ಲದ ರೋಗಕ್ಕೆ ಔಷಧ ಕುಡಿದು ಇರುವ ರೋಗವನ್ನು ಬೆಳೆಸಿದೆವಲ್ಲ, ಆ ನಾಚಿಕೆಯ ಮೇಲೆ. ಬಾಟಲಿ ಇಲ್ಲದ ಮನೆಯನ್ನು ಒಂದು ಬಾಟಲಿಯ ಹೆಸರು ಆಳುತ್ತಿತ್ತು. ಇನ್ನು ಸಾಕು ಎಂದು ಅಲ್ಲೇ ತೀರ್ಮಾನಿಸಿದೆ.

ಮರುವಾರ ಅತ್ತೆಯನ್ನು ಹೊರಡಿಸಿದೆ. ಬರುವುದಿಲ್ಲ ಎಂದರು, ಮಂಡಿನೋವು ಎಂದರು, ಏಕಾದಶಿ ಎಂದರು. "ನೀವು ಬರದಿದ್ರ ನಾ ಔಷಧಾನೂ ತಗೊಳ್ಳಂಗಿಲ್ಲ, ಅನ್ನಾನೂ ಉಣ್ಣಂಗಿಲ್ರಿ" ಎಂದೆ. ಅನ್ನ ಉಣ್ಣುವುದಿಲ್ಲ ಎಂಬ ಮಾತಿಗೆ ಹೆದರಿ ಸೀರೆ ಬದಲಿಸಿದರು. ಗಂಡನೇ ಕಾರು ಓಡಿಸಿದರು.

ಡಾಕ್ಟರು ಅತ್ತೆಯನ್ನು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಿದಳು. "ಅಮ್ಮಾ, ಇದು ಕಾಮಣಿ ಅಲ್ರಿ. ಕುಡಿಯೋರಿಗೂ ಲಿವರ್ ಕೆಡ್ತೈತಿ ಖರೆ, ಆದ್ರ ಒಂದ ಹನಿ ಮುಟ್ಟದವರಿಗೂ ಹಿಂಗ ಕೊಬ್ಬು ಸೇರತೈತಿ. ಹೊಟ್ಟಿ ಸುತ್ತ ಬೊಜ್ಜು, ಸಕ್ಕರಿ ಕಾಯಿಲೆ, ಕುಂತಲ್ಲೇ ಕೆಲಸ, ಸಿಹಿ, ಹೆಚ್ಚಿನ ಅನ್ನ. ಮೊದಲ ಏನೂ ಗೊತ್ತಾಗಂಗಿಲ್ಲ, ನೋವೂ ಇರಂಗಿಲ್ಲ. ಕೆಲವರಿಗೆ ಅಷ್ಟಕ್ಕ ನಿಲ್ತೈತಿ. ಕೆಲವರಿಗೆ ಒಳಗ ಉರಿಯೂತ ಆಗಿ, ಗಾಯ ಮಾದಂಗ ಕಲಿ ಬಿದ್ದು, ಲಿವರ್ ಗಟ್ಟಿ ಆಗ್ತೈತಿ. ಹಂಗ ಗಟ್ಟಿ ಆದ್ರ ಹೊಟ್ಟ್ಯಾಗ ನೀರು ತುಂಬತೈತಿ, ಕ್ಯಾನ್ಸರೂ ಆಗಬಹುದು. ಅದಕ್ಕೂ ಮೊದಲ ಹೃದಯಕ್ಕ ತೊಂದರಿ ಬರೋದೂ ಐತಿ. ಇವರು ಇನ್ನಾ ಅಲ್ಲೀತನಕ ಹೋಗಿಲ್ಲ. ತೂಕ ಇಳಿಸಿದ್ರ ಲಿವರ್ ತಾನ ಸುಧಾರಿಸ್ಕೊಂತೈತಿ."

ಹೊಟ್ಟೆಯಲ್ಲಿ ನೀರು ಎಂದಾಗಲೇ ಅತ್ತೆ ತಲೆ ಎತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು, "ಕುಡೀದ ಇದ್ದವರಿಗೆ ನಾಲಿಗಿ ತೊದಲತೈತೇನ್ರಿ?"

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ನಡದರ ಜೋಲಿ ಹೊಡಿಯೋದು, ಕೈ ನಡಗೋದು, ಹಗಲೆಲ್ಲಾ ಮಲಗೋದು. ಇದ್ದಕ್ಕಿದ್ದಂಗ ಬೈಯೋದು. ಬಾಯಾಗ ಒಂಥರಾ ನಾತ. ಕುಡೀದ ಇದ್ರ ಇವೆಲ್ಲಾ ಆಗತಾವೇನ್ರಿ?"

"ಆಗತಾವ್ರಿ ಅಮ್ಮಾ," ಎಂದಳು ಡಾಕ್ಟರು. "ಲಿವರ್ ಪೂರ್ತಿ ಕೆಟ್ಟ ಮ್ಯಾಲೆ ರಕ್ತದಾಗಿನ ಹೊಲಸು ಸೋಸಾಕ ಆಗಂಗಿಲ್ಲ. ಅದು ಮೆದುಳಿಗೆ ಹೋಗ್ತೈತಿ. ನೋಡಿದವರಿಗೆ ಕುಡದವರಂಗ ಕಾಣಸ್ತಾರ. ಬಾಯಿಂದ ಸಿಹಿ ಸಿಹಿ ಕೆಟ್ಟ ವಾಸನಿನೂ ಬರತೈತಿ. ಯಾರಿಗ್ರಿ ಹಂಗ ಆಗಿತ್ತು?"

ನಾನೇ ಮಾವನವರ ಬಗ್ಗೆ ಹೇಳಿದೆ, ಸಕ್ಕರೆ ಕಾಯಿಲೆ, ಗಾದಿ, ಚಹಾ, ದೊಡ್ಡ ಹೊಟ್ಟೆ. ಡಾಕ್ಟರು ಜಾಗರೂಕಳಾಗಿ ಮಾತಾಡಿದಳು. "ಅವರನ್ನ ನಾ ನೋಡಿಲ್ರಿ, ಹಿಂಗ ಆಗಿತ್ತು ಅಂತ ಗಟ್ಟಿಯಾಗಿ ಹೇಳಾಕ ಬರಂಗಿಲ್ಲ. ಆದ್ರ ಕುಡೀದವರಿಗೂ ಹಿಂಗ ಆಗೋದು ಐತಿ. ಅಷ್ಟು ಮಾತ್ರ ಖರೆ."

ವಾಪಸು ಬರುವಾಗ ಕಾರು ಗಿಣಿಗೇರಿ ದಾಟಿತು. ಆಮೇಲೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ, ಕಿಟಕಿಯ ಕಡೆ ಮುಖ ಮಾಡಿಯೇ ಅಂದರು, "ನಾ ಅವರ ಬಾಯಿ ಮೂಸಿ ನೋಡಿದ್ದೆ."

ಗಂಡ ಕನ್ನಡಿಯಲ್ಲಿ ತಾಯಿಯನ್ನು ನೋಡಿದರು.

"ಊರವರು ಅಂದದ್ದು ಆಮ್ಯಾಲೆ. ಮೊದಲ ಅಂದಾಕಿ ನಾನ. ತೊದಲತಾರ, ತೂರಾಡ್ತಾರ, ಎಲ್ಲೋ ಕುಡದು ಬರತಾರ ಅಂತ ನನಗ ಖಾತ್ರಿ ಆಗಿತ್ತು. ಬಾಯಿ ಮೂಸಿದೆ. ನಾತ ಬಂತು. ನಿಮಗ ನಾಚಿಕಿ ಇಲ್ಲೇನು ಅಂದೆ. ಅವರು ಮುಂದಿದ್ದ ತಾಟಿನ ಅನ್ನದ ಮ್ಯಾಲೆ ಕೈ ಇಟ್ರು. ಅನ್ನ ಮುಟ್ಟಿ ಹೇಳ್ತೀನಿ, ನಾ ಕುಡದಿಲ್ಲ ಅಂದ್ರು. ಊರೆಲ್ಲಾ ನಂಬೋ ಮಾತು. ನಾ ಆ ತಾಟು ತಗದು ದನದ ಬಾನಿಗೆ ಸುರವಿದೆ. ಆಮ್ಯಾಲೆ ಹೋಗೋತನಕ ಅವರ ಕೂಡ ಮಾತಾಡಲಿಲ್ಲ. ಉಣ್ಣಾಕ ಇಟ್ಟು ಎದ್ದು ಬರ್ತಿದ್ದೆ."

ಗಂಡ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಇಳಿದು ಹೋದರು. ಬೇವಿನ ಗಿಡದ ಕೆಳಗೆ ನಮಗೆ ಬೆನ್ನು ಮಾಡಿ ನಿಂತುಬಿಟ್ಟರು. ಅವರೂ ಅಪ್ಪ ಕುಡಿಯುತ್ತಿದ್ದರೆಂದೇ ನಂಬಿದ್ದರು ಎಂದು ನನಗೆ ಆಗ ತಿಳಿಯಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ನನಗೆ ಆ ಮಾವನಿಗಾಗಿ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಬ್ಬ ಮನುಷ್ಯ ಸಾಯುತ್ತಾ ಬಿದ್ದಿರುವಾಗ ಅವನ ಬಾಯಿ ಮೂಸಿ ನೋಡುವಂತೆ ನಮಗೆಲ್ಲ ಕಲಿಸಿದ್ದು ಯಾರು?

ಮರುದಿನದಿಂದ ನಾನು ಲಿವರ್ ಲಿವರ್ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಒಬ್ಬರು ಚಹಾ ಕುಡಿಯುತ್ತಾ ಕೆಮ್ಮಿದರು. ಇನ್ನೊಬ್ಬರು, "ನೀವಾ, ಅಕ್ಕೋರ?" ಎಂದು ಹುಬ್ಬು ಏರಿಸಿದರು. "ಹೌದ್ರಿ, ನಾನ. ನಿಮ್ಮ ಹೊಟ್ಟಿ ನೋಡಿದ್ರ ನಿಮಗೂ ಇರಬಹುದು, ಹೋಗಿ ತೋರಿಸ್ಕೊಂಡು ಬರ್ರಿ" ಎಂದೆ. ಅವರು ಹೊಟ್ಟೆ ಒಳಗೆಳೆದುಕೊಂಡರು. ಆಮೇಲೆ ಗುಟ್ಟಾಗಿ ಹೋಗಿ ತೋರಿಸಿಕೊಂಡು ಬಂದರೆಂದು ಕೇಳಿದ್ದೇನೆ. ಗ್ಲೂಕೋಸ್ ಡಬ್ಬಿ ತಂದ ನೆಂಟರಿಗೆ ಡಬ್ಬಿ ವಾಪಸು ಕೊಟ್ಟೆ. ಅವರಿಗೆ ಕೆಟ್ಟದೆನಿಸಿತು. ಅನಿಸಲಿ.

ಮನೆಯಲ್ಲಿ ರೊಟ್ಟಿಯ ಹಂಚು ಒಲೆ ಏರಿತು. ಅಕ್ಕಿ ವ್ಯಾಪಾರಿಯ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಗಿರಾಕಿಗಳು ಏನಂದಾರು ಎಂದು ಗಂಡ ಒಮ್ಮೆ ಗೊಣಗಿದರು. ಸಪ್ಪಳ ಇನ್ನೂ ಜೋರು ಮಾಡಿದೆ. ಆದರೆ ರೊಟ್ಟಿ ದೇವರ ಪ್ರಸಾದವೇನಲ್ಲ. ತವರಿನ ರುಚಿ ಸಿಕ್ಕ ಸಂಭ್ರಮದಲ್ಲಿ ನಾನು ರೊಟ್ಟಿಯ ಮೇಲೆ ರೊಟ್ಟಿ ಮುರಿಯುತ್ತಿದ್ದೇನೆಂದು ತಿಳಿದಾಗ ಡಾಕ್ಟರು, "ಜೋಳಾನೂ ಹೆಚ್ಚಾದ್ರ ಅಲ್ಲೇ ಹೋಗಿ ಕೂಡತೈತ್ರಿ ಅಕ್ಕೋರ" ಎಂದು ಕಡಿವಾಣ ಹಾಕಿದಳು. ಈಗ ಲೆಕ್ಕದ ರೊಟ್ಟಿ, ತಾಟಿನ ಅರ್ಧ ಪುಂಡಿಪಲ್ಯ, ಮೆಂತ್ಯಸೊಪ್ಪು, ಹೆಸರುಕಾಳು, ಕೊನೆಗೆ ಒಂದು ಹಿಡಿ ಅನ್ನ. ಚಹಾಕ್ಕೆ ಸಕ್ಕರೆ ಇಲ್ಲ, ಕಹಿ ಕಷಾಯ ಕುಡಿದ ಹಾಗಿತ್ತು, ಈಗ ರೂಢಿಯಾಗಿದೆ. ಸ್ಯಾಂಪಲ್ ನೋಡುವುದನ್ನು ಬಿಟ್ಟಿಲ್ಲ, ಯಾಕೆ ಬಿಡಲಿ? ಒಂದು ಚಮಚ ಸಾಕು ನನ್ನ ನಾಲಿಗೆಗೆ. ಮಾವನವರ ಕಾಯ್ದೆ ಮುರಿದೆ. ಅವರಿದ್ದಿದ್ದರೆ ಅವರಿಂದಲೂ ಮುರಿಸುತ್ತಿದ್ದೆ.

ಸಂಜೆ ಕಾಲುವೆಯ ದಂಡೆಗೆ ನಡೆಯುತ್ತೇನೆ, ಬಿರುಸಾಗಿ, ಸೀರೆಯ ಮೇಲೆ ಬೂಟು ಹಾಕಿಕೊಂಡು. ಮೊದಮೊದಲು ಜನ ನಿಂತು ನೋಡಿದರು. ಯಾರ ಮನೆಗೆ ಬೆಂಕಿ ಬಿದ್ದಿದೆ ಎಂದು ಕೇಳಿದವರೂ ಉಂಟು. ನಮ್ಮ ಮನೆಗೇ ಎಂದೆ. ತೂಕ ಮೊಂಡುಹಟ ಮಾಡುತ್ತಾ ಮಾಡುತ್ತಾ ಇಳಿಯಿತು. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಉರಿಯೂತ ಇಳಿದಿದೆ, ಸಕ್ಕರೆಗೆ ಮಾತ್ರ ಗುಳಿಗೆ ಮುಂದುವರಿದಿದೆ. ಪೂರ್ತಿ ಗೆದ್ದೆ ಎಂದು ಹೇಳಲಾರೆ. ಲಿವರ್ ನನ್ನ ಮಾತು ಕೇಳತೊಡಗಿದೆ, ಅಷ್ಟೇ.

ಅತ್ತೆ ಆ ದಿನದ ನಂತರ ನನಗೆ ಸೊಪ್ಪು ಸೋಸಿ ಕೊಡುತ್ತಿದ್ದರು, ನಾನು ನಡೆದು ಬರುವ ದಾರಿ ಕಾಯುತ್ತಿದ್ದರು. ಆದರೆ ಮಾವನವರ ಫೋಟೋದ ಕಡೆ ನೋಡುತ್ತಿರಲಿಲ್ಲ. ಕಸ ಗುಡಿಸುವಾಗಲೂ ಆ ಗೋಡೆಯ ಹತ್ತಿರ ತಲೆ ತಗ್ಗಿಸಿಕೊಂಡೇ ದಾಟುತ್ತಿದ್ದರು.

ಆಮೇಲೆ ಮಾವನವರ ಎಡೆಯ ದಿನ ಬಂತು. ವರ್ಷಕ್ಕೊಮ್ಮೆ ತೀರಿಕೊಂಡವರ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದೆಲ್ಲ ಮಾಡಿ ಬಾಳೆ ಎಲೆಯ ಮೇಲೆ ಇಡುತ್ತೇವೆ, ಬಂಧುಗಳೆಲ್ಲ ಕೈಮುಗಿದ ಮೇಲೆ ಪಂಕ್ತಿ ಕೂರುತ್ತದೆ. ಆ ಸಲದ ಹೊಸ ಅಕ್ಕಿಯ ಅನ್ನವನ್ನು ಎಲೆಯ ನಡುವೆ ಗುಡ್ಡೆ ಮಾಡುವುದು ಅತ್ತೆಯ ಕೆಲಸ. ನಡುಮನೆ ತುಂಬಿತ್ತು. ಮಾವನವರ ದೊಡ್ಡಪ್ಪನ ಮಗ, ಮನೆತನದಲ್ಲಿ ಹಿರಿಯರು, ಕಂಬಕ್ಕೆ ಒರಗಿ ಕೂತಿದ್ದರು. ಫೋಟೋ ನೋಡಿ ಪ್ರತಿವರ್ಷ ಹೇಳುವ ಹಾಗೆಯೇ ಹೇಳಿದರು, "ಬಂಗಾರದಂಥ ಮನಷ್ಯಾ. ಅದೊಂದ ಚಟ ಇರಲಿಲ್ಲಾಂದ್ರ ಇವತ್ತೂ ಇರ್ತಿದ್ದ." ಆಮೇಲೆ ನನ್ನ ಕಡೆ ತಿರುಗಿ, ತಮಾಷೆಯ ದನಿಯಲ್ಲಿ, "ಈಗ ನೋಡಿದ್ರ ಸೊಸಿಗೂ ಲಿವರಂತಲ್ಲವಾ. ಏನ್ ನಮ್ಮ ಮನಿ ನಸೀಬೋ" ಎಂದರು. ಒಂದಿಬ್ಬರು ಮೂಗಿನಲ್ಲಿ ನಕ್ಕರು.

ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು, ಅದೂ ಖಾರವಾದದ್ದು. ನಾನು ಎದ್ದು ನಿಲ್ಲುವ ಮೊದಲೇ ಅತ್ತೆ ಅನ್ನದ ಪಾತ್ರೆ ಕೆಳಗಿಟ್ಟರು.

ಮಂಡಿನೋವಿನ ಅತ್ತೆ ಎಲೆಯ ಮುಂದೆ ನೆಲಕ್ಕೆ ಕೂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬಲಗೈಯನ್ನು ಹಬೆಯಾಡುತ್ತಿದ್ದ ಅನ್ನದ ಗುಡ್ಡೆಯ ಮೇಲೆ ಅಂಗೈ ಊರಿ ಇಟ್ಟರು. ಸುಡುತ್ತಿತ್ತು, ನಾನೇ ಬಸಿದ ಅನ್ನ, ನನಗೆ ಗೊತ್ತು. ಕೈ ತೆಗೆಯಲಿಲ್ಲ.

"ಅನ್ನ ಮುಟ್ಟಿ ಹೇಳ್ತೀನಿ," ಎಂದರು. "ಇವರು ಕುಡೀತಿರಲಿಲ್ಲ. ಇವರ ಹೊಟ್ಟ್ಯಾಗ ಇದ್ದದ್ದು ಇಕಿಗೆ ಇರೋ ರೋಗಾನ. ಇವರೂ ಹಿಂಗ ಅನ್ನ ಮುಟ್ಟಿ ನನಗ ಹೇಳಿದ್ರು. ನಾ ನಂಬಲಿಲ್ಲ. ಊರಿಗಿಂತ ಮೊದಲ ನಾ ನಂಬಲಿಲ್ಲ. ಇವತ್ತ ನಂಬೇನಿ. ಇನ್ನ ಮ್ಯಾಲೆ ಈ ಮನ್ಯಾಗ ಕುಂತು ಆ ಮಾತು ಅನ್ನೋರು ಈ ಅನ್ನ ಉಣಬ್ಯಾಡ್ರಿ."

ಹಿರಿಯರು ಕಂಬ ಬಿಟ್ಟು ನೆಟ್ಟಗೆ ಕೂತರು. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ತಾಯಿಯ ಪಕ್ಕ ಕೂತು, ತಮ್ಮ ಕೈಯನ್ನೂ ಆ ಅನ್ನದ ಮೇಲೆ ಇಟ್ಟರು. ಅತ್ತೆ ತಲೆಯೆತ್ತಿ ಫೋಟೋ ನೋಡಿದರು, ಬಹಳ ಹೊತ್ತು ನೋಡಿದರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೊನೆಗೆ ಎದ್ದರು. ಕೆಂಪಾಗಿದ್ದ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಂಕ್ತಿಯ ಕಡೆ ತಿರುಗಿದರು. ನೀಡಲು ನಿಂತಿದ್ದವರಿಗೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು, "ಇಕಿಗೆ ಲಿವರ್ ಐತಿ. ಮೊದಲ ಇಕಿ ಎಲಿಗೆ ರೊಟ್ಟಿ ನೀಡ್ರಿ."